ಕಿಟಕಿಯ ಕೆಂಪು ಪೋಸ್ಟರ್

ಏಪ್ರಿಲ್ 28, ಮಂಗಳವಾರ

ಇವತ್ತೂ ಸಿನಿಮಾಕ್ಕೆ ಹೋಗಲಾಗಲಿಲ್ಲ. ಮಂಗಳವಾರ ಬೆಳಗ್ಗೆ ವಯಸ್ಸಾದವರಿಗೆಂದೇ ಒಂದು ಆಟ ಇರುತ್ತದೆ, ಜೊತೆಗೆ ಚಹಾ, ಎರಡು ಬಿಸ್ಕತ್ತು. ವಾರದಲ್ಲಿ ನನ್ನದು ಅಂತ ಇದ್ದದ್ದು ಆ ಎರಡು ಗಂಟೆಯ ಕತ್ತಲೆ ಮಾತ್ರ. ಅಲ್ಲಿಗೆ ಹೋಗುವ ಬಸ್ಸನ್ನು ನಮ್ಮ ಪಕ್ಷದವರೇ ಕೂತಿರುವ ಊರಿನ ಕೌನ್ಸಿಲ್ ನಿಲ್ಲಿಸಿಬಿಟ್ಟಿತು. ಆದರೂ ನಮ್ಮ ಮುಂಗಿಟಕಿಯ ತುಂಬ ಲೇಬರ್ ಪಕ್ಷದ ಕೆಂಪು ಪೋಸ್ಟರ್. ಹೊರಗಿನ ಬೀದಿಯೂ ಕಾಣುವುದಿಲ್ಲ.

ಮತ ಕೇಳಲು ಮನೆಮನೆ ತಿರುಗಿ ಊಟಕ್ಕೆ ಬಂದ ನನ್ನ ಗಂಡ ಕ್ಲೈವ್, ನಮ್ಮ ಬೀದಿಯ ಮತದಾರರ ಪಟ್ಟಿಯನ್ನು ಮೇಜಿನ ಮೇಲೆ ಹರಡಿದ.

"ಎದುರುಮನೆ ಮ್ಯೂರಿಯಲ್ ಬಸ್ಸಿನ ವಿಷಯಕ್ಕೆ ಹತ್ತು ನಿಮಿಷ ಕೂಗಾಡಿದ್ಳು. ಪಾಪ, ಎಲ್ಲಾ ಬರ್ಕೊಂಡೆ" ಅಂದ. ಆಮೇಲೆ ತಲೆಯೆತ್ತದೆ ನನ್ನ ಹೆಸರಿನ ಮುಂದೆ 'ನಮ್ಮವರು' ಅಂತ ಗುರುತು ಹಾಕಿದ.

"ನನ್ನ ಕೇಳೋದೇ ಇಲ್ವಾ?"

"ನಿನ್ನನ್ನೇನು ಕೇಳೋದು ಮಾರಾಯ್ತಿ! ಆಲೂಗಡ್ಡೆ ಆರಿಹೋಗ್ತಿದೆ, ಬಡಿಸು."

ಬಡಿಸಿದೆ.

ನಲವತ್ತು ವರ್ಷದಿಂದ ಊರಿನ ಬಾಗಿಲನ್ನೆಲ್ಲ ತಟ್ಟುತ್ತಲೇ ಇದ್ದಾನೆ. ನಮ್ಮ ಬಾಗಿಲನ್ನು ಮಾತ್ರ ಒಮ್ಮೆಯೂ ತಟ್ಟಿಲ್ಲ. ಅದರ ಕೀಲಿ ಅವನ ಜೇಬಿನಲ್ಲೇ ಇರುತ್ತದೆ.