ಅಳದ ಮಗುವಿಗೆ ಕೊನೆಯ ಸರದಿ

ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನಿಮ್ಮ ಹೊರರೋಗಿ ವಿಭಾಗದ ಬೆಂಚಿಗೆ ನಾನು ಹೆದರುತ್ತೇನೆ. ಮಲೇರಿಯಾಕ್ಕಿಂತ ಹೆಚ್ಚಾಗಿ ಹೆದರುತ್ತೇನೆ. ಸೋಮವಾರ ಮೊಮ್ಮಗ ಲಿಂಬಾನಿಯನ್ನು ಮತ್ತೆ ಅದೇ ಬೆಂಚಿಗೆ ತರಬೇಕು. ಅದಕ್ಕೇ ಈ ಪತ್ರ, ಅದೂ ಎಲ್ಲರೂ ಓದುವಂತೆ ಬಹಿರಂಗವಾಗಿ.

ಮಲಾವಿ ಸರೋವರದ ದಂಡೆಯ ನಮ್ಮ ಆರೋಗ್ಯ ಕೇಂದ್ರದಲ್ಲಿ ಇರುವುದು ಒಂದೇ ಸಾಲು. ಗಾಯದ ಪಟ್ಟಿ ಬದಲಿಸುವವನೂ, ಮಾತ್ರೆ ಮುಗಿದವಳೂ, ಸಾಯುತ್ತಿರುವ ಕೂಸೂ ಅದರಲ್ಲೇ. ಮೊದಲು ಪ್ರಾರ್ಥನೆ, ಆಮೇಲೆ ಕೈ ತೊಳೆಯುವ ಹಾಡು, ಆಮೇಲೆ ಸೊಳ್ಳೆ ಪರದೆಯ ಉಪದೇಶ. ಅಷ್ಟೂ ಮುಗಿಯುವವರೆಗೆ ಯಾರ ಹಣೆಯನ್ನೂ ಯಾರೂ ಮುಟ್ಟುವುದಿಲ್ಲ. ಸೊಳ್ಳೆ ಪರದೆಯ ಮಹಿಮೆ ಕೇಳುತ್ತಾ ಮಲೇರಿಯಾದಲ್ಲಿ ಬೇಯುವ ಭಾಗ್ಯ ಇನ್ನೆಲ್ಲಿ ಸಿಕ್ಕೀತು ಸ್ವಾಮಿ?

ಯಾರು ಮೊದಲು ಎಂದು ನೀವು ಮಾಡದ ವಿಂಗಡಣೆಯನ್ನು ನಾವು ಹೆಂಗಸರೇ ಮಾಡಿಕೊಂಡಿದ್ದೇವೆ. ಅಳುವ ಮಗು ಮುಂದೆ ಹೋಗುತ್ತದೆ. ಅದು ನಮ್ಮ ಮರ್ಯಾದೆ, ನಮ್ಮ ಕರುಣೆ. ಮಲೇರಿಯಾ ಜ್ವರಕ್ಕೆಂದು ಕಳೆದ ಸಲ ಬಂದ ದಿನ ನನ್ನ ಮಗಳು ಫೆಲಿಸ್ಟಾಳ ಬೆನ್ನಿಗೆ ಕಟ್ಟಿದ್ದ ಲಿಂಬಾನಿ ಅಳಲಿಲ್ಲ. ಕಿರುಚುವ ಕೂಸು ಬಂದಾಗಲೆಲ್ಲ ನಾವು ಹಿಂದೆ ಸರಿದು ಜಾಗ ಕೊಟ್ಟೆವು.

"ಎಂಥಾ ಒಳ್ಳೇ ಮಗು ತಾಯೀ ನಿಂದು! ನಂದು ನೋಡು, ಓಟು ಕೇಳೋ ಮುಖಂಡನ ಥರ ಅರಚುತ್ತೆ," ಅಂದಳು ಪಕ್ಕದವಳು.

"ನಿದ್ದೆ ಮಾಡ್ತಿದಾನೆ ಅಕ್ಕಾ. ನೀವು ಮುಂದೆ ಹೋಗಿ," ಅಂದಳು ಮಗಳು, ಹೆಮ್ಮೆಯಿಂದ.

ಕೊನೆಗೆ ಅವಳು ಬೆನ್ನಿನ ಬಟ್ಟೆ ಬಿಚ್ಚಿ ಲಿಂಬಾನಿಯನ್ನು ಮೊಲೆಗೆ ಹಿಡಿದಾಗ ಅವನು ಬಾಯಿ ತೆರೆಯಲಿಲ್ಲ. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತ್ತು. ಮೈ ಸೆಟೆದು ನಡುಗತೊಡಗಿತು. ಆಗ ಕಿರುಚಿದ್ದು ಫೆಲಿಸ್ಟಾ. ಆಗ ಬಾಗಿಲು ತೆರೆಯಿತು.

"ಇಷ್ಟೊತ್ತು ಏನ್ ಮಾಡ್ತಿದ್ದೆ? ಮೊದಲೇ ಹೇಳೋಕೇನು ಧಾಡಿ?" ಎಂದು ಸಿಸ್ಟರ್ ಗದರಿದರು.

"ಯಾರಿಗೆ ಹೇಳ್ಲಿ ಸಿಸ್ಟರ್? ನೀವು ಹಾಡ್ತಾ ಇದ್ರಿ," ಅಂದಳು ಫೆಲಿಸ್ಟಾ.

ಮಗು ಬದುಕಿದೆ. ಎಡಗೈ ಮಾತ್ರ ಇನ್ನೂ ಏನನ್ನೂ ಹಿಡಿಯುತ್ತಿಲ್ಲ. ಸಿಸ್ಟರನ್ನು ಬೈದು ನೀವು ಕೈ ತೊಳೆದುಕೊಳ್ಳಬೇಡಿ. ಹಾಡುವುದೂ, ಚೀಟಿ ಬರೆಯುವುದೂ, ಸೂಜಿ ಚುಚ್ಚುವುದೂ ಅವರೊಬ್ಬರೇ. ನಿಮ್ಮ ಕಚೇರಿಯ ಗೋಡೆಯ ಮೇಲೆ ರೋಗಿಗಳ ಸುಗಮ ಸಂಚಾರದ ಬಣ್ಣದ ನಕ್ಷೆ ಇದೆಯಂತೆ. ಅದರ ಬಾಣಗಳಲ್ಲಿ ಅಳಲೂ ಆಗದ ಕೂಸು ಯಾವ ಕಡೆ ಹೋಗುತ್ತದೆ, ತೋರಿಸಿ ನೋಡೋಣ?

ನಮಗೆ ಹೊಸ ಕಟ್ಟಡ ಬೇಡ, ನೀವು ಕತ್ತರಿಸುವ ರಿಬ್ಬನ್ನೂ ಬೇಡ. ಇನ್ನೊಬ್ಬ ನರ್ಸನ್ನು ಕೊಡಿ. ಗೇಟು ತೆಗೆದ ಕೂಡಲೇ, ಪ್ರಾರ್ಥನೆಗೂ ಮೊದಲು, ಅವರು ಸಾಲಿನುದ್ದಕ್ಕೂ ನಡೆದು ಪ್ರತಿ ಮಗುವನ್ನೂ ಬೆನ್ನಿನಿಂದ ಇಳಿಸಿ, ಮುಟ್ಟಿ, ಎಬ್ಬಿಸಿ ನೋಡಲಿ. ಏಳದ ಮಗು ನೇರ ಒಳಗೆ ಹೋಗಲಿ. ಮಾತ್ರೆ ಮುಗಿದವರಿಗೆ ಬೇರೆ ಕಿಟಕಿ ಇರಲಿ. ದೇವರು ಸ್ವಲ್ಪ ಹೊತ್ತು ಕಾಯುತ್ತಾನೆ, ಅವನಿಗೆ ಜ್ವರವಿಲ್ಲ.

ಈಗ ಮನೆಯಲ್ಲಿ ಲಿಂಬಾನಿ ಸದ್ದಿಲ್ಲದೆ ಮಲಗಿದರೆ ನಾವು ಅವನನ್ನು ಚಿವುಟಿ ಅಳಿಸುತ್ತೇವೆ. ಅವನು ಅತ್ತ ಮೇಲೆ ಉಸಿರು ಬಿಡುತ್ತೇವೆ. ಸೋಮವಾರ ನಿಮ್ಮ ಬೆಂಚಿನ ಮೇಲೂ ಚಿವುಟುತ್ತಲೇ ಇರುತ್ತೇವೆ, ನಿಮ್ಮವರು ಬಂದು ಮುಟ್ಟುವವರೆಗೆ.

ಇಂತಿ,
ಮೊಮ್ಮಗ ಅತ್ತರೆ ನೆಮ್ಮದಿಪಡುವ ಅಜ್ಜಿ,
ಎನೆಲೆಸಿ ಮ್ಕ್ವಾಂಡಾ