ಮೂರನೆಯ ಟ್ರೇ

ರೆಸಲ್ಯೂಟ್,
ಮಾರ್ಚ್ 16, ಶುಕ್ರವಾರ

ಪ್ರೀತಿಯ ಡೋರೀನ್ (ಹೊಡೆದು ಹಾಕಬೇಕೆನಿಸಿದರೆ ಮೊದಲ ಪದವನ್ನಷ್ಟೇ ಹೊಡೆದು ಹಾಕು),

ಇದನ್ನು ಇ-ಮೇಲಿನಲ್ಲೇ ಬರೆಯಬಹುದಿತ್ತು. ಆದರೆ ನಾನು ಗ್ವೆಲ್ಫ್‌ನ ನಿಮ್ಮ ಲ್ಯಾಬಿಗೆ ಏನು ಬರೆದರೂ ಅದರ ಒಂದು ಪ್ರತಿ ನಿಮ್ಮ ಮುಖ್ಯಸ್ಥ ಡಾಕ್ಟರ್ ಬೆಲ್ಮನ್ನರಿಗೂ ಹೋಗುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಅವರಿಗೇನು ಕೆಲಸ? ಉಂಡು ಮಲಗುವ ತನಕ ಅನ್ನುತ್ತಾರಲ್ಲ, ನಮ್ಮದರಲ್ಲಿ ಉಣ್ಣುವ ಮೇಜುಗಳ ನಡುವೆಯೇ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವಿದೆ. ಅದಕ್ಕೇ ನಾಳೆಯ ವಿಮಾನಕ್ಕೆ ಈ ಕಾಗದ.

ಕಳೆದ ಶನಿವಾರ ನೀನು ಕಳಿಸಿದ್ದು ಬರೀ ಎರಡು ಸಾಲು. "ಮೂರನೆಯ ಟ್ರೇಯ ಗಿಡಗಳಲ್ಲಿ ಆಲ್ಕೋಹಾಲ್ ಗುರುತು ಜೋರಾಗಿದೆ. ಅಲ್ಲಿ ಏನಾಯಿತು?" ಹೇಗಿದ್ದೀಯ ಎಂಬ ಮಾತಿಲ್ಲ. ಓದಿ ಮೊದಲು ಹೆದರಿದೆ. ಆಮೇಲೆ ಸಿಟ್ಟು ಬಂತು. ಆರು ತಿಂಗಳು ಒಂದು ಹನಿ ಮುಟ್ಟದೆ ಇದ್ದು ತೋರಿಸು, ಆಮೇಲೆ ಬಾಗಿಲು ತೆಗೆಯುತ್ತೇನೆ ಅಂದವಳು ನೀನು. ಭೂಮಿಯ ನೆತ್ತಿಯ ಮೇಲಿನ ಈ ಗಾಜಿನ ಮನೆ ಕಾಯುವ ಕೆಲಸ ಕೊಡಿಸಿದವಳೂ ನೀನೇ. ಏಪ್ರಿಲ್ ಎರಡಕ್ಕೆ ಆರು ತಿಂಗಳು ತುಂಬುತ್ತದೆ. ಇನ್ನು ಇಪ್ಪತ್ತಮೂರು ದಿನ ಇರುವಾಗ ಗಿಡಗಳ ಮಾತು ಕೇಳಿ ನನ್ನನ್ನು ಕಳ್ಳನನ್ನಾಗಿ ಮಾಡಿದೆಯಲ್ಲ ಅನ್ನಿಸಿತು.

ನಿಜ ಹೇಳುತ್ತೇನೆ, ಆವತ್ತಿನಿಂದ ನನಗೆ ಈ ಗಿಡಗಳ ಮೇಲೇ ಗುಮಾನಿ. ಸಾಸಿವೆ ಜಾತಿಯ ಬೆರಳುದ್ದದ ಗಿಡ, ಪಲ್ಯಕ್ಕೂ ಬಾರದ್ದು. ಅದಕ್ಕೆ ದಿನಾ ಹನ್ನೊಂದು ಗಂಟೆಗೆ ತಾನಾಗಿ ಹೊತ್ತಿಕೊಳ್ಳುವ ನೀಲಿ ದೀಪ, ಪಟ ತೆಗೆದು ಗ್ವೆಲ್ಫ್‌ಗೆ ಕಳಿಸುವ ಕ್ಯಾಮೆರಾ. ಇಷ್ಟೆಲ್ಲ ಮಾಡುವುದು ಗಿಡ ನೋಡಲಿಕ್ಕೋ, ಗಿಡ ಕಾಯುವವನನ್ನು ನೋಡಲಿಕ್ಕೋ? ನನ್ನ ಉಸಿರಿನ ವಾಸನೆ ಹಿಡಿಯಲಿಕ್ಕೆಂದೇ ನೀನೂ ಬೆಲ್ಮನ್ನರೂ ಸೇರಿ ಇವನ್ನು ಹುಟ್ಟಿಸಿದ್ದೀರಿ ಎಂದು ತೀರ್ಮಾನ ಮಾಡಿಬಿಟ್ಟೆ. ನಗಬೇಡ. ಭಾನುವಾರ ಬಾಯಿ ಮುಕ್ಕಳಿಸುವ ಔಷಧಿ, ಆಲ್ಕೋಹಾಲ್ ಇರುವಂಥದ್ದು, ಬಾಯಿತುಂಬ ಹಾಕಿಕೊಂಡು ಉಗಿದು, ಒಂದನೆಯ ಟ್ರೇಯ ಮೇಲೆ ಹತ್ತು ನಿಮಿಷ ಊದಿದೆ. ನಿನ್ನಿಂದ ಏನೂ ಬರಲಿಲ್ಲ. ಅದಕ್ಕೂ ಅನುಮಾನ ಬಂತು, ಬೇಕೆಂದೇ ಸುಮ್ಮನಿದ್ದಾಳೆ ಅಂದುಕೊಂಡೆ. ಮಂಗಳವಾರ ಹನ್ನೊಂದಕ್ಕೆ ಸರಿಯಾಗಿ ಕ್ಯಾಮೆರಾಕ್ಕೆ ನನ್ನ ಟೋಪಿ ಹಾಕಿ ನಿಂತೆ. ಆ ದಿನ ನಿಮಗೆ ಬಂದ ಕಪ್ಪು ಪಟ ಅದೇ.

ಅಷ್ಟರಲ್ಲಿ ಲೀಶಿಯಾ ಬಂದಳು. ಕೋ-ಆಪ್ ಅಂಗಡಿಯಲ್ಲಿ ಲೆಕ್ಕ ಬರೆಯುವವಳು, ಗಾಜಿನ ಮನೆಯ ಇನ್ನೊಂದು ಕೀಲಿ ಅವಳ ಹತ್ತಿರ ಇದೆ ಎಂದು ಹಿಂದೆ ಬರೆದಿದ್ದೆ. ಇಲ್ಲಿಯ ಮೂಲದ ಇನುಇಟ್ ಜನರ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವಳು, ಮಾತಿನಲ್ಲಿ ಚುರುಕು. "ಏನೋ ಲಾಕಿ, ಕ್ಯಾಮೆರಾಗೆ ಕಣ್ಣು ಕಟ್ಟಿದ್ದೀಯ? ಗಿಡಗಳ ಮುಂದೆ ಬಟ್ಟೆ ಬದಲಾಯಿಸ್ಬೇಕಿತ್ತಾ?" ಅಂದಳು. ನಾನು ಎಲ್ಲ ಹೇಳಿಕೊಂಡೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನನ್ನ ಕಾಫಿ ಮಗ್ಗಿನ ಅಡಿಯಿಂದ ನೀವು ಕಳಿಸಿದ ಕೈಪಿಡಿ ಎಳೆದು, "ಐದು ತಿಂಗಳಿಂದ ಇದರ ಮೇಲೆ ಮಗ್ ಇಡ್ತಿದ್ದೀಯಲ್ಲ, ಒಂದ್ಸಲ ತೆಗೆದು ಓದೋ ಮಾರಾಯ" ಅಂದಳು.

ಓದಿದೆ. ಬೇರಿಗೆ ನೀರು ಹೆಚ್ಚಾಗಿ ಗಾಳಿ ಸಿಗದೆ ಹೋದರೆ, ಗಿಡ ತನ್ನೊಳಗೇ ಆಲ್ಕೋಹಾಲ್ ಮಾಡಿಕೊಂಡು ಜೀವ ಹಿಡಿಯುತ್ತದಂತೆ. ಆ ಕೆಲಸ ಮಾಡಿಸುವ ಜೀನಿಗೆ ನೀವು ಜೆಲ್ಲಿ ಮೀನಿನ ಹೊಳಪು ಕಟ್ಟಿದ್ದೀರಂತೆ. ಗಿಡ ಮುಳುಗುತ್ತಿದ್ದರೆ ನೀಲಿ ದೀಪದಡಿ ಹಸಿರಾಗಿ ಹೊಳೆಯುತ್ತದೆ, ಗ್ವೆಲ್ಫ್‌ನಲ್ಲಿ ಕೂತವರಿಗೆ ಕಾಣುತ್ತದೆ. ಕೇಪ್ ಬ್ರೆಟನ್ನಿನಲ್ಲಿ ಅಪ್ಪನ ಬಲೆಗೆ ಬಿದ್ದ ಜೆಲ್ಲಿ ಮೀನನ್ನೆಲ್ಲ ಬೈದು ಬೈದು ಕಡಲಿಗೆ ಎಸೆದವನು ನಾನು. ಈಗ ಅದೇ ನನ್ನ ಮೇಲೆ ಚಾಡಿ ಹೇಳುತ್ತಿದೆ. ಅಂತೂ ನಿನ್ನ ಎರಡು ಸಾಲಿನಲ್ಲಿ ಇದ್ದದ್ದು ನನ್ನ ಸುದ್ದಿಯೇ ಅಲ್ಲ, ಬೇರಿನ ಸುದ್ದಿ. ತಪ್ಪಾಯಿತು.

ಏನಾಯಿತು ಎಂದು ಕೇಳಿದ್ದೀಯ. ಮೂರನೆಯ ಟ್ರೇಯ ನೀರಿನ ವಾಲ್ವ್ ಕೆಟ್ಟಿತ್ತು. ಹೊಸದು ಹಾಕಿದ್ದೇನೆ. ಡಾಕ್ಟರ್ ಬೆಲ್ಮನ್ನರಿಗೂ ಹಾಗೆಯೇ ಹೇಳು. ಲೀಶಿಯಾ ಮಾತ್ರ ಇದನ್ನು ಕೇಳಿ, "ಮೂರು ಟ್ರೇಗೂ ಇರೋದು ಒಂದೇ ವಾಲ್ವ್ ಅಲ್ವೇನೋ?" ಅಂದಳು. ಅಂಗಡಿ ಲೆಕ್ಕ ಬರೆಯುವವಳಿಗೆ ಪೈಪಿನ ವಿಚಾರ ಯಾಕೆ? ಈ ಊರಲ್ಲಿ ಎಲ್ಲರಿಗೂ ಎಲ್ಲವೂ ಬೇಕು. ನವೆಂಬರಿನಲ್ಲಿ ಕಾಫಿ ಚರಟವನ್ನು ಬಾಗಿಲಾಚೆ ಹಿಮದ ಮೇಲೆ ಚೆಲ್ಲಿದ್ದಕ್ಕೆ, "ಇಲ್ಲಿ ಚೆಲ್ಲಿದ್ದು ಜೂನ್ ತನಕ ಅಲ್ಲೇ ಇರುತ್ತೆ, ಊರೆಲ್ಲ ನೋಡುತ್ತೆ" ಎಂದು ಗದರಿಸಿದವಳು ಅವಳು. ಆ ಕಂದು ಕಲೆ ಇವತ್ತಿಗೂ ಹಾಗೆಯೇ ಇದೆ.

ಇಲ್ಲಿ ಚಳಿಗಾಲದ ತಿಂಗಳುಗಟ್ಟಲೆಯ ಕತ್ತಲು ಮುಗಿದು ಸೂರ್ಯ ಮರಳಿ ಐದಾರು ವಾರ ಆಯಿತು. ನನಗೆ ನಿನ್ನ ನೆನಪು ಬಹಳ ಆಗುತ್ತದೆ. ದಿನಾ ಹನ್ನೊಂದಕ್ಕೆ ಆ ದೀಪ ಹೊತ್ತಿದಾಗ, ಈಗ ಇವಳು ನೋಡುತ್ತಿರುತ್ತಾಳೆ ಎಂದು ತಲೆ ಬಾಚಿಕೊಳ್ಳುತ್ತೇನೆ, ಪಟದಲ್ಲಿ ನಾನು ಬರುವುದಿಲ್ಲ ಎಂದು ಗೊತ್ತಿದ್ದೂ. ಏಪ್ರಿಲ್ ಎರಡರ ಮೇಲೆ ಬರಲೋ ಬೇಡವೋ, ಒಂದು ಸಾಲು ಬರೆ. ಕಾಗದದಲ್ಲೇ ಬರೆ.

ನಿನ್ನವನೋ ಅಲ್ಲವೋ ನೀನೇ ಹೇಳಬೇಕಾದ,
ಲಾಕ್ಲಿನ್

ಮರೆತ ಮಾತು: ಮರೆತಿರಲಿಲ್ಲ. ವಾಲ್ವ್ ಕೆಟ್ಟಿಲ್ಲ. ಗ್ವೆಲ್ಫ್‌ನಿಂದ ಹೊರಡುವಾಗಲೇ ಟೂಲ್ ಬಾಕ್ಸಿನ ತಳದಲ್ಲಿ, ಉಣ್ಣೆಯ ಕಾಲುಚೀಲದೊಳಗೆ ಒಂದು ಬಾಟಲಿ ರಮ್ ಇಟ್ಟುಕೊಂಡಿದ್ದೆ. ಕಳೆದ ಶುಕ್ರವಾರ ಅದರ ಮುಚ್ಚಳ ತೆಗೆದೆ. ತೆಗೆದ ಮೇಲೆ ಹೆದರಿಕೆಯಾಯಿತು. ಹಿಮದ ಮೇಲೆ ಸುರಿದರೆ ಜೂನ್ ತನಕ ಕಲೆ. ಸಿಂಕಿಗೆ ಸುರಿದರೆ ಕೊಳೆನೀರಿನ ಟ್ಯಾಂಕಿನಲ್ಲಿ ನಿಂತಿರುತ್ತದೆ, ಟ್ಯಾಂಕ್ ಖಾಲಿ ಮಾಡುವವನು ಲೀಶಿಯಾಳ ತಮ್ಮ. ಮೂರನೆಯ ಟ್ರೇಗೆ ಸುರಿದೆ, ವಾಸನೆ ಹೋಗಲೆಂದು ಮೇಲೆ ಒಂದು ಬಕೆಟ್ ನೀರು ಹೊಯ್ದೆ. ಕೈಪಿಡಿ ಓದಿದಾಗ, ಗಿಡ ಹೇಳಿದ್ದು ನೀರಿನ ಮಾತು ಮಾತ್ರ, ಬಚಾವಾದೆ ಅಂದುಕೊಂಡು ಮೇಲಿನದನ್ನೆಲ್ಲ ಬರೆದೆ. ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ. ಸುರಿಯುವಾಗ ಬಾಟಲಿ ತುಂಬಿತ್ತು, ಡೋರೀನ್. ತುಂಬಿತ್ತೋ ಅರ್ಧವಿತ್ತೋ ನಿಮ್ಮ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಅದೊಂದನ್ನು ನೀನು ನನ್ನ ಮಾತಿನ ಮೇಲೆಯೇ ನಂಬಬೇಕು.