ನಾಗನ ತಲೆಗೆ ಕಟ್ಟಿದ ತಪ್ಪು

ಡೊಂಬಿವಲಿ ಪೂರ್ವ
೧೨ ಫೆಬ್ರವರಿ ೨೦೧೭

ಪ್ರೀತಿಯ ತಮ್ಮ ಸುಜನ್,

ಹೇಗಿದ್ದಿ ಮಗಾ? ಊಟ ಸರಿಯಾಗಿ ಮಾಡುತ್ತೀಯಾ, ಇಲ್ಲ ಎರಡು ತುತ್ತು ಗಂಜಿ ಉಂಡು ಎದ್ದುಬಿಡುತ್ತೀಯಾ? ಬೆಳಿಗ್ಗೆ ಬಾವಿಯ ತಣ್ಣೀರು ಮುಟ್ಟಿದರೆ ಬೆರಳು ಈಗಲೂ ಬೆಳ್ಳಗಾಗುತ್ತದೆಯಾ? ಅಮ್ಮನಿಗೆ ಹೇಳದಿದ್ದರೂ ನನಗೆ ನಿಜ ಹೇಳು. ನಾವಿಲ್ಲಿ ಕ್ಷೇಮ ಎಂದು ಬರೆಯಲು ಮನಸ್ಸು ಬರುವುದಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ಒಂದೇ ಕೋಣೆಯ ಮನೆ, ನಿನ್ನ ಭಾವನ ಕಿವಿ ಯಾವಾಗಲೂ ಈ ಕಡೆಗೇ.

ಹೋದ ವಾರ ಮುಖ ತೊಳೆಯುವಾಗ ಭಾವನ ಎರಡು ಬೆರಳು ನಿನ್ನ ಬೆರಳುಗಳ ಹಾಗೆಯೇ ಸುಣ್ಣ ಬಳಿದಂತಾದವು. ನಿನ್ನ ಕೈಗೆ ಬಂದದ್ದು ನಾಗದೋಷವೆಂದು ನಂಬಿದ್ದೆವಲ್ಲ. ಕೋಪರಖೈರಣೆಯ ಫ್ಲ್ಯಾಟುಗಳ ಸೊಸೈಟಿಯಲ್ಲಿ ನಾಗರಕಲ್ಲಿದ್ದ ಮರದ ಕೊಂಬೆ ಕೊಯ್ದದ್ದು ನೀನೊಬ್ಬನೇ. ಭಾವ ಆ ದಿನ ಶಹಾಡಿನಲ್ಲಿ ಬೇರೆ ಕೆಲಸದಲ್ಲಿದ್ದರು. ಹಾಗಾದರೆ ನಾಗ ಇವರ ಮೇಲೆ ಯಾಕೆ ಮುನಿಯಬೇಕು? ಇವರನ್ನು ಎಳೆದುಕೊಂಡು ಕಲ್ಯಾಣದ ಡಾಕ್ಟರರ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದೇ "ಕಾಮ್ ಕ್ಯಾ ಕರತೇ ಹೋ?", ಏನು ಕೆಲಸ ಮಾಡುವುದು ಎಂದು. ಮರ ಕೊಯ್ಯುವ ಮಿಷಿನ್ ದಿನವಿಡೀ ಹಿಡಿದರೆ ಅದರ ನಡುಕ ಕೈಯ ನರವನ್ನೂ ರಕ್ತನಾಳವನ್ನೂ ಕೆಡಿಸುತ್ತದಂತೆ. ಬಿಡದಿದ್ದರೆ ಮುಂದೆ ಅಂಗಿಯ ಬಟನ್ ಹಾಕಲೂ ಆಗದಂತೆ.

ಅಯ್ಯೋ ಸುಜನ್, ನಾನು ಎಂಥ ಅಕ್ಕ! ನಿನ್ನ ಕೈಯಿಂದ ಚಾ ಲೋಟ ಜಾರಿದಾಗ "ಕೈಯಲ್ಲಿ ಜೀವ ಇಲ್ವಾ ಮಾರಾಯ" ಎಂದು ಬೈದವಳು ನಾನು. ಮೀನು ತಿನ್ನುವುದನ್ನು ಬಿಡಿಸಿ, ಆ ಕಲ್ಲಿಗೆ ಹಾಲೆರೆಸಿ, ಮಾರನೆಯ ದಿನವೇ ಅದೇ ಪೆಟ್ರೋಲ್ ಮಿಷಿನ್ ಹೊರಿಸಿ ಭಾವನ ಜೊತೆ ಕಳಿಸಿದೆ. ಕೊನೆಗೆ ದೋಷ ಕಳೆದುಕೊಂಡು ಬಾ ಎಂದು ಊರಿಗೆ ಅಟ್ಟಿದವಳೂ ನಾನೇ. ನೀನು ಚೀಲ ಕಟ್ಟಿಕೊಂಡು ಹೊರಟುಬಿಟ್ಟೆ.

ನಾಗನಿಗೆ ಆಶ್ಲೇಷಾ ಬಲಿಯ ಪೂಜೆ ಮಾಡಿಸುವುದಾದರೆ ಮಾಡಿಸಿ, ಅಮ್ಮನಿಗೆ ಸಮಾಧಾನವಾಗಲಿ. ಆದರೆ ಉಡುಪಿಗೆ ಹೋಗಿ ನರದ ಡಾಕ್ಟರರಿಗೂ ಕೈ ತೋರಿಸು. ನೀನು ಯಾವ ಪಾಪವನ್ನೂ ಮಾಡಿಲ್ಲವೆಂದು ಅಕ್ಕ ಬರೆದಿದ್ದಾಳೆ ಎಂದು ಅಮ್ಮನಿಗೆ ಓದಿ ಹೇಳು. ಅವರಿಗೆ ನನ್ನ ನಮಸ್ಕಾರ. ನಿನ್ನ ಕೈ ಬೇಗ ಗುಣವಾಗಲಿ ಮಗಾ.

ನಿನ್ನ ಅಕ್ಕ,
ಉಮಾವತಿ

ತಾ.ಕ.: ಭಾವ ನಿನ್ನೆ ಬ್ಯಾಟರಿ ಮಿಷಿನ್ ತಂದಿದ್ದಾರೆ. ಇದು ಅಷ್ಟು ನಡುಗುವುದಿಲ್ಲ, ಸುಜನ್ ಬಂದರೆ ಮಳೆಗಾಲದೊಳಗೆ ಎಲ್ಲ ಸೊಸೈಟಿಗಳ ಕೊಂಬೆ ಕೊಯ್ಯುವ ಕೆಲಸ ಮುಗಿಯುತ್ತದೆ ಎನ್ನುತ್ತಿದ್ದಾರೆ. ಕೆಟ್ಟ ಕೈಗೆ ಅಷ್ಟು ನಡುಕವೂ ಬೇಡವೆಂದು ಡಾಕ್ಟರು ಹೇಳಿದ್ದು ಇವರ ಕಿವಿಗೆ ಹೋಗಿಲ್ಲ. ಈ ಕಾಗದ ತಲುಪುವ ಹೊತ್ತಿಗೆ ಫೋನ್ ಮಾಡಿ ಕರೆಯುತ್ತಾರೆ. ಬರಬೇಡ. ಯಾಕೆಂದು ಕೇಳಿದರೆ, ಅಕ್ಕ ಬೇಡ ಅಂದಳು ಎಂದು ಹೇಳು. ಈ ಸಲ ಬೈಗುಳ ನಾನು ತಿನ್ನುತ್ತೇನೆ.